ಹುಡುಗನ ಸ್ವರವನ್ನು ಕೇಳಿದ ದೇವರು

ಓದತಕ್ಕ ವೇದಭಾಗಗಳು: ಆದಿಕಾಂಡ ೧೬ ಮತ್ತು ೨೧ನೆಯ ಅಧ್ಯಾಯಗಳು



ಮನೆಯವರ ಬಾಧೆಯನ್ನು ತಾಳಲಾರದೆ, ಬಸುರಿಯಾಗಿದ್ದಾಗಲೇ ಅಡವಿಗೆ ಓಡಿಹೋದ ಒಬ್ಬ ಸ್ತ್ರೀಯ ವೃತ್ತಾಂತವು ಸತ್ಯವೇದದಲ್ಲಿ ಉಂಟು. ಅವಳು ಐಗುಪ್ತ ದೇಶದ ದಾಸಿಯಾದ ಹಾಗರಳು. ಯಜಮಾನಿಯಾದ ಸಾರಯಳು ಅವಳನ್ನು ಬಾಧಿಸಿದಳು. ಮನೆಯ ಯಜಮಾನನಾದ ಅಬ್ರಾಮನಾದರೋ ದಾಸಿಯ ವಿಷಯವನ್ನೆಲ್ಲಾ ಹೆಂಡತಿಗೇ ಬಿಟ್ಟುಕೊಟ್ಟು ಸುಮ್ಮನಾದನು. ವಿಶ್ವಾಸಿಗಳ ತಂದೆಯೆನಿಸಿಕೊಂಡವನ ಡೇರೆಯಲ್ಲಿಯೇ ಹೀಗೆ ನಡೆಯಿತೆಂಬದನ್ನು ವೇದವು ಮರೆಮಾಡಲಿಲ್ಲ. ಹಾಗಾದರೆ ನಮ್ಮ ಮನೆಗಳಲ್ಲಿ ನಡೆಯುವದನ್ನು ನಾವು ಯಾಕೆ ಮರೆಮಾಡಬೇಕು?

೨೦೧೯ರಿಂದ ೨೦೨೧ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ ೧೮ರಿಂದ ೪೯ ವರುಷ ಪ್ರಾಯದ ಮದುವೆಯಾದ ಸ್ತ್ರೀಯರೊಳಗೆ ನೂರಕ್ಕೆ ೪೪ ಮಂದಿ ಗಂಡನಿಂದ ಹಿಂಸೆಯನ್ನು ಅನುಭವಿಸಿದವರೆಂದು ತಿಳಿದುಬಂತು. ೨೦ರಿಂದ ೨೪ ವರುಷದವರಲ್ಲಿ ನೂರಕ್ಕೆ ೨೧ ಮಂದಿ ೧೮ ವರುಷ ತುಂಬುವ ಮುಂಚೆಯೇ ಮದುವೆಯಾದವರು. ಆದಿತ್ಯವಾರ ನಮ್ಮೊಂದಿಗೆ ಕೂತು ಕೀರ್ತನೆ ಹಾಡುವವರು ಈ ಲೆಕ್ಕದ ಹೊರಗೆ ಇದ್ದಾರೆಂದು ಯಾರು ಹೇಳಬಲ್ಲರು?

ಪೆಟ್ಟು ಬಿದ್ದದ್ದು ತಾಯಿಗೆ, ಮಗುವಿಗೆ ಏನಾಯಿತು ಎಂದು ಕೆಲವರು ಹೇಳುವದುಂಟು. ಅದು ನಿಜವಲ್ಲ. ಬಸುರಿಯಾಗಿರುವಾಗ ಪೆಟ್ಟು ತಿನ್ನುವವಳಿಗೆ ಗರ್ಭಪಾತವಾಗುವ, ದಿನ ತುಂಬುವ ಮೊದಲೇ ಹೆರಿಗೆಯಾಗುವ, ತೂಕ ಕಡಿಮೆಯಾದ ಕೂಸು ಹುಟ್ಟುವ ಅಪಾಯವು ಹೆಚ್ಚೆಂದು ವೈದ್ಯರು ಕಂಡಿದ್ದಾರೆ. ಹೆತ್ತ ಮೇಲೆಯೂ ಅಂಥ ತಾಯಿಯು ಅನೇಕ ವೇಳೆ ಮನೋವ್ಯಥೆಯಲ್ಲಿ ಮುಳುಗಿ, ಕೂಸಿನ ಅಳುವಿಗೂ ನಗುವಿಗೂ ಓಗೊಡಲಾರದೆ ಹೋಗುತ್ತಾಳೆ. ಅದು ಅವಳ ಸೋಮಾರಿತನವಲ್ಲ, ಕಣ್ಣಿಗೆ ಕಾಣದ ಗಾಯವೇ. ಮಾತು ಬಾರದ ಶಿಶುವಾದರೂ ಜಗಳದ ಕೂಗಿಗೆ ಬೆಚ್ಚುತ್ತದೆ. ಆ ಭಯವು ದಿನದಿನವೂ ಬಂದರೆ, ಬೆಳೆಯುತ್ತಿರುವ ಅದರ ಮಿದುಳು ಯಾವಾಗಲೂ ಅಪಾಯವನ್ನೇ ಎದುರುನೋಡುವದಕ್ಕೆ ರೂಢಿಯಾಗುತ್ತದೆ. ನಿದ್ರೆಯಲ್ಲಿ ಕಿರಿಚುವದು, ಪಾಠದಲ್ಲಿ ಮನಸ್ಸು ನಿಲ್ಲದಿರುವದು, ಜೊತೆಯ ಮಕ್ಕಳನ್ನು ಹೊಡೆಯುವದು, ಇವು ಅನೇಕ ಸಾರಿ ಆ ಭಯದ ಫಲಗಳೇ. ೧೯೯೮ರಲ್ಲಿ ಅಮೇರಿಕಾದ ವೈದ್ಯರು ಪ್ರಕಟಿಸಿದ ದೊಡ್ಡ ಶೋಧನೆಯೊಂದರಲ್ಲಿ, ತಾಯಿಯು ಹಿಂಸೆಪಡುವ ಮನೆಯಲ್ಲಿ ಬೆಳೆದದ್ದೂ ಬಾಲ್ಯದ ಕಷ್ಟಗಳಲ್ಲಿ ಒಂದಾಗಿ ಎಣಿಸಲ್ಪಟ್ಟಿತು. ಇಂಥ ಕಷ್ಟಗಳು ಹೆಚ್ಚಿದಷ್ಟೂ, ದೊಡ್ಡವರಾದ ಮೇಲೆ ಕುಡಿತವೂ ಮನೋವ್ಯಥೆಯೂ ಹೃದಯರೋಗವೂ ಹೆಚ್ಚಾಗಿ ಕಂಡುಬಂದವು.

ತಾಯಿಯ ನೋವೂ ಮಗುವಿನ ನೋವೂ ಒಂದೇ ಎಂಬದನ್ನು ವೇದವು ಮೊದಲೇ ತೋರಿಸಿದೆ. ವರುಷಗಳಾದ ಮೇಲೆ ಹಾಗರಳನ್ನು ಮಗನೊಂದಿಗೆ ಆ ಮನೆಯಿಂದ ಹೊರಡಿಸಿಬಿಟ್ಟರು. ಬೇರ್ಷೆಬದ ಅಡವಿಯಲ್ಲಿ ತಿತ್ತಿಯ ನೀರು ಮುಗಿಯಲು, ಅವಳು ಮಗನನ್ನು ಗಿಡದ ಕೆಳಗೆ ಬಿಟ್ಟು, ಅವನು ಸಾಯುವದನ್ನು ನೋಡಲಾರದೆ ದೂರ ಹೋಗಿ ಕೂತು ಅತ್ತಳು. ಅತ್ತವಳು ತಾಯಿ, ಆದರೆ ದೇವರು ಹುಡುಗನ ಸ್ವರವನ್ನು ಕೇಳಿದನೆಂದು ಬರೆದದೆ. ಇಷ್ಮಾಯೇಲನೆಂಬ ಹೆಸರಿಗೆ ದೇವರು ಕೇಳುತ್ತಾನೆಂದೇ ಅರ್ಥವಲ್ಲವೇ?

ಮೊದಲನೆಯ ಸಾರಿ ದೂತನು ಹಾಗರಳಿಗೆ ಹಿಂದಿರುಗಿ ಹೋಗೆಂದು ಹೇಳಲಿಲ್ಲವೇ ಎಂದು ನಮ್ಮ ಹಿರಿಯರಲ್ಲಿ ಕೆಲವರು ಕೇಳಬಹುದು. ಹೇಳಿದನು ನಿಶ್ಚಯ. ಆದರೆ ಅವಳನ್ನು ಹೆಸರು ಹಿಡಿದು ಕರೆದು, ಅವಳ ಕಷ್ಟವನ್ನು ವಿಚಾರಿಸಿ, ವಾಗ್ದಾನವನ್ನೂ ಕೊಟ್ಟು ಹೇಳಿದನು. ಅದು ಅವಳೊಬ್ಬಳಿಗೆ ಕೊಟ್ಟ ಅಪ್ಪಣೆಯೇ ಹೊರತು, ಪೆಟ್ಟು ತಿಂದವಳನ್ನೆಲ್ಲಾ ಹೊಡೆಯುವವನ ಕೈಗೆ ಒಪ್ಪಿಸಿಬಿಡಿರೆಂದು ಸಭೆಯ ಹಿರಿಯರಿಗೆ ಕೊಟ್ಟ ಕಟ್ಟಳೆಯಲ್ಲ. ಎರಡನೆಯ ಸಾರಿ ದೇವರು ಅವಳನ್ನು ಹಿಂದಕ್ಕೆ ಕಳುಹಿಸಲಿಲ್ಲ. ಅವಳ ಕಣ್ಣು ತೆರೆದು ಬಾವಿಯನ್ನು ತೋರಿಸಿದನು. ಹುಡುಗನನ್ನು ಎಬ್ಬಿಸಿ ಕೈಹಿಡಿದುಕೋ ಎಂದನು.

ಪ್ರಿಯರೇ, ಬಾಧೆಪಡುವ ತಾಯಿಗೆ ಬಾವಿಯನ್ನು ತೋರಿಸುವದು ಈಗ ನಮ್ಮ ಕೆಲಸ. ಸಹಿಸಿಕೋ ಎಂಬ ಮಾತೊಂದನ್ನೇ ಹೇಳಿ ಕಳುಹಿಸುವವನು ಅಬ್ರಾಮನಂತೆ ಸುಮ್ಮನಾದವನೇ. ಅವಳಿಗೂ ಮಕ್ಕಳಿಗೂ ಒಂದು ರಾತ್ರಿ ತಂಗಲು ಸ್ಥಳವನ್ನೂ ಗಂಜಿಯನ್ನೂ ಕೊಡಿರಿ. ನಡೆದದ್ದನ್ನು ನಾಚಿಕೆಪಡಿಸದೆ ಕೇಳಿರಿ. ೨೦೦೫ರ ಕೌಟುಂಬಿಕ ಹಿಂಸೆಯ ಕಾಯಿದೆಯ ಪ್ರಕಾರ ಹೆಂಡತಿಯನ್ನು ವಾಸದ ಮನೆಯಿಂದ ಅನ್ಯಾಯವಾಗಿ ಹೊರಗೆ ಹಾಕಕೂಡದು. ನೆರೆಯವರಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು, ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ದಾವೆಯಿಲ್ಲ. ಸ್ತ್ರೀಯರ ಸಹಾಯಕ್ಕೆ ೧೮೧, ಮಕ್ಕಳ ಸಹಾಯಕ್ಕೆ ೧೦೯೮ ಎಂಬ ದೂರವಾಣಿ ಸಂಖ್ಯೆಗಳನ್ನು ಪ್ರತಿ ಮನೆಯಲ್ಲಿಯೂ ಕಲಿಸಿರಿ. ಹೆದರಿದ ಮಗುವಾದರೂ, ತನ್ನನ್ನು ಪ್ರೀತಿಸಿ ಕಾಯುವ ಒಬ್ಬ ಹಿರಿಯರಿದ್ದರೆ ಚೇತರಿಸಿಕೊಳ್ಳಬಲ್ಲದು. ಅದರ ಮೊದಲನೆಯ ಔಷಧವು ತಾಯಿಯ ಕ್ಷೇಮವೇ.

ಗಂಡಂದಿರೇ, ಅತ್ತೆಯರೇ, ಹೆಂಡತಿಯ ಮೇಲೆಯೂ ಸೊಸೆಯ ಮೇಲೆಯೂ ಎತ್ತಿದ ಕೈಯನ್ನೇ ಕರ್ತನ ಭೋಜನಕ್ಕೆ ಚಾಚುವಿರೋ? ಈ ಹೊತ್ತೇ ಮಾನಸಾಂತರಪಡಿರಿ; ಪಶ್ಚಾತ್ತಾಪವು ಮಾತಿನಲ್ಲಲ್ಲ, ಕೈಯಲ್ಲಿ ಕಾಣಲಿ. ಅಳುವ ತಾಯಂದಿರೇ, ನಿಮ್ಮ ಮಕ್ಕಳ ಸ್ವರವು ಪರಲೋಕಕ್ಕೆ ಮುಟ್ಟಿಯದೆ. ಅದು ನಮ್ಮ ಸಭೆಗಳ ಕಿವಿಗೂ ಮುಟ್ಟುವಂತೆ ಕರ್ತನು ಕೃಪೆಮಾಡಲಿ. ಆಮೆನ್.