ಬಿಟ್ಟ ಮೇಲೂ ಉಳಿಯುವ ಋಣ

1888ರ ಜುಲೈನಲ್ಲಿ ಮುಂಬಯಿಯ ಒಂದು ಮದುವೆಯ ವ್ಯಾಜ್ಯ ಎರಡು ಸಾವಿರ ರೂಪಾಯಿಗೆ ರಾಜಿಯಾಯಿತು. ಹಣ ಕೊಟ್ಟದ್ದು ಹೆಂಡತಿ, ಪಡೆದದ್ದು ಗಂಡ. ರುಖ್ಮಾಬಾಯಿಗೆ ಹನ್ನೊಂದನೆಯ ವಯಸ್ಸಿನಲ್ಲೇ ದಾದಾಜಿ ಭಿಕಾಜಿಯೊಂದಿಗೆ ಮದುವೆಯಾಗಿತ್ತು. ದೊಡ್ಡವರಾದ ಮೇಲೆ ಆ ಮನೆಗೆ ಹೋಗಿ ಸಂಸಾರ ಮಾಡಲು ಅವರು ಒಪ್ಪಲಿಲ್ಲ. ದಾದಾಜಿ ಕೋರ್ಟಿಗೆ ಹೋದರು. 1885ರಲ್ಲಿ ನ್ಯಾಯಮೂರ್ತಿ ಪಿನ್ಹೇ ರುಖ್ಮಾಬಾಯಿಯ ಪರವಾಗಿ ತೀರ್ಪಿತ್ತರು. ಮೇಲ್ಮನವಿಯಲ್ಲಿ ಅದು ನಿಲ್ಲಲಿಲ್ಲ. 1887ರಲ್ಲಿ ಬಂದ ಆದೇಶ ಬೇರೆಯೇ ಆಗಿತ್ತು: ಒಂದು ತಿಂಗಳಲ್ಲಿ ಗಂಡನ ಮನೆ ಸೇರಬೇಕು, ಇಲ್ಲದಿದ್ದರೆ ಆರು ತಿಂಗಳ ಸೆರೆ. ಸೆರೆಯೇ ಇರಲಿ ಎಂದರು ರುಖ್ಮಾಬಾಯಿ. ತಿಲಕರ ‘ಕೇಸರಿ’ ಪತ್ರಿಕೆ ಧರ್ಮದ ಹೆಸರಿನಲ್ಲಿ ಅವರ ವಿರುದ್ಧ ಬರೆಯಿತು, ಸುಧಾರಕಿ ಪಂಡಿತಾ ರಮಾಬಾಯಿ ಅವರ ಬೆನ್ನಿಗೆ ನಿಂತರು. ಕೊನೆಗೆ ಹಣದ ಮೇಲೆ ರಾಜಿ.

ಮುಂದೆ ರುಖ್ಮಾಬಾಯಿ ಲಂಡನ್ನಿನಲ್ಲಿ ವೈದ್ಯಕೀಯ ಓದಿ ಬಂದು ಸೂರತ್ ಮತ್ತು ರಾಜಕೋಟೆಯಲ್ಲಿ ಡಾಕ್ಟರಾಗಿ ಕೆಲಸ ಮಾಡಿದರು. 1904ರಲ್ಲಿ ದಾದಾಜಿ ತೀರಿಕೊಂಡಾಗ ಅವರು ವಿಧವೆಯಂತೆ ಬಿಳಿ ಸೀರೆ ಉಟ್ಟರೆಂದು ಅವರ ಬದುಕನ್ನು ಬರೆದವರು ಹೇಳುತ್ತಾರೆ. ಯಾರೊಂದಿಗೆ ಒಂದು ದಿನವೂ ಬಾಳಲು ಒಪ್ಪದೆ ಜೈಲಿಗೂ ಸಿದ್ಧರಾಗಿದ್ದರೋ ಅವರ ಸಾವಿಗೆ ಈ ಶೋಕ ಏಕೆ? ಸಮಾಜಕ್ಕೆ ಅಂಜಿ ಎನ್ನುವುದು ಸುಲಭ. ಆದರೆ ಇಡೀ ಸಮಾಜವನ್ನು ಎದುರು ಹಾಕಿಕೊಂಡಿದ್ದ ಹೆಣ್ಣುಮಗಳ ವಿಷಯದಲ್ಲಿ ಆ ಉತ್ತರ ಸಾಲದು. ಬಾಳುವೆ ಬೇಡವೆನ್ನುವುದು ಬೇರೆ, ನಂಟು ಇರಲೇ ಇಲ್ಲವೆನ್ನುವುದು ಬೇರೆ. ಅವರು ಮೊದಲನೆಯದನ್ನಷ್ಟೇ ಹೇಳಿದ್ದರು ಎಂದು ತಿಳಿಯುವುದು ಹೆಚ್ಚು ಸರಿ.

ಹಿಂದೂ ದಂಪತಿಗೆ ವಿಚ್ಛೇದನದ ದಾರಿ ತೆರೆದ ಹಿಂದೂ ವಿವಾಹ ಕಾಯ್ದೆ 1955ರ ಮೇ 18ರಂದು ಜಾರಿಗೆ ಬಂತು. ರುಖ್ಮಾಬಾಯಿ ತೀರಿಕೊಂಡದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಅಗ್ನಿಸಾಕ್ಷಿಯಾಗಿ ಆದದ್ದನ್ನು ನ್ಯಾಯಾಧೀಶರ ಸಹಿ ಬಿಡಿಸಬಹುದೇ ಎಂದು ಆ ಕಾಯ್ದೆಯ ಚರ್ಚೆಯ ಕಾಲದಲ್ಲಿ ಕೇಳಿದವರು ಬಹಳ. ಈಗಲೂ ಮಗಳು ಡೈವೋರ್ಸ್ ಎಂದಾಗ ಎಷ್ಟೋ ತಂದೆ–ತಾಯಿಯ ಮನಸ್ಸಿನಲ್ಲಿ ಏಳುವುದು ಇದೇ ಪ್ರಶ್ನೆ.

ಶಾಸ್ತ್ರ ಇದಕ್ಕೆ ಒಂದೇ ಬಾಯಿಂದ ಉತ್ತರ ಕೊಟ್ಟಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ಬ್ರಾಹ್ಮ ಮೊದಲಾದ ಧರ್ಮವಿವಾಹಗಳಿಗೆ ಬಿಡುಗಡೆಯಿಲ್ಲ ಎನ್ನುತ್ತದೆ. ಉಳಿದ ಬಗೆಯ ಮದುವೆಗಳಲ್ಲಿ ಗಂಡ ಹೆಂಡತಿ ಇಬ್ಬರಿಗೂ ಪರಸ್ಪರ ದ್ವೇಷವಿದ್ದರೆ ಬಿಡುಗಡೆಯನ್ನು ಒಪ್ಪುತ್ತದೆ. ಪರಾಶರ ಸ್ಮೃತಿ ಗಂಡ ಕಾಣೆಯಾದಾಗ, ಸತ್ತಾಗ, ಸನ್ಯಾಸಿಯಾದಾಗ, ನಪುಂಸಕನಾದಾಗ, ಪತಿತನಾದಾಗ ಹೆಣ್ಣು ಮತ್ತೊಬ್ಬನನ್ನು ವರಿಸಬಹುದು ಎಂದಿದೆ. ಈಶ್ವರಚಂದ್ರ ವಿದ್ಯಾಸಾಗರರು ವಿಧವಾ ವಿವಾಹಕ್ಕೆ ವಾದ ಕಟ್ಟಿದ್ದು ಇದೇ ಮಾತಿನ ಮೇಲೆ.

ಇನ್ನು ಕರ್ನಾಟಕದ ಬಹುಪಾಲು ಜನ ಶಾಸ್ತ್ರಕ್ಕೆ ಕಾಯುತ್ತಾ ಕೂತಿರಲಿಲ್ಲ. ಎಷ್ಟೋ ಜಾತಿಗಳಲ್ಲಿ ಉಡಿಕೆ ಅಥವಾ ಕೂಡಿಕೆ ಎಂಬ ಮರುಮದುವೆ ನಡೆಯುತ್ತಿತ್ತು. ಬಾಳುವೆ ಕೂಡದಿದ್ದರೆ ಕುಲದ ಹಿರಿಯರು ಪಂಚಾಯಿತಿ ಸೇರುತ್ತಿದ್ದರು. ಹೆಣ್ಣು ಬೇರೆಯವನನ್ನು ಕೂಡಿದರೆ ಹೊಸ ಗಂಡ ಹಳೆಯವನಿಗೆ, ಅವನು ಮದುವೆಯಲ್ಲಿ ಹೆಣ್ಣಿನವರಿಗೆ ಕೊಟ್ಟಿದ್ದ ತೆರದ ಹಣವನ್ನು ಹಿಂತಿರುಗಿಸುತ್ತಿದ್ದ. ಇದನ್ನು ಹೊಗಳಿ ಹಾಡುವಂತಿಲ್ಲ. ಉಡಿಕೆಯಾದವಳನ್ನು ಮದುವೆಯಂಥ ಶುಭಕಾರ್ಯಗಳಲ್ಲಿ ಹಿಂದೆ ನಿಲ್ಲಿಸುತ್ತಿದ್ದರು, ತೆರದ ಲೆಕ್ಕದಲ್ಲಿ ಹೆಣ್ಣು ಸರಕಾಗುತ್ತಿದ್ದಳು. ಆದರೂ ಧರ್ಮ ಕೆಡದೆ ಬಿಡುಗಡೆ ಸಾಧ್ಯ ಎಂಬ ತಿಳಿವಳಿಕೆ ಅಲ್ಲಿತ್ತು. 1955ರ ಕಾಯ್ದೆಯ 29ನೆಯ ಕಲಮು ಇಂಥ ರೂಢಿಯ ಬಿಡುಗಡೆಯನ್ನು ಉಳಿಸಿಕೊಂಡಿದೆ. ಆದರೆ ಛಾಪಾ ಕಾಗದದ ಮೇಲೆ ಬಿಡುಗಡೆ ಪತ್ರ ಬರೆಸಿಕೊಂಡರೆ ಮುಗಿಯಿತು ಎಂದುಕೊಂಡವರು ಮೋಸಹೋಗುತ್ತಾರೆ: ಆ ಜಾತಿಯಲ್ಲಿ ಆ ರೂಢಿ ಇದೆ ಎಂಬುದನ್ನು ಸಾಕ್ಷಿಯಿಟ್ಟು ಸಾಬೀತು ಮಾಡಬೇಕು ಎಂದು ಸುಪ್ರೀಂ ಕೋರ್ಟು ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿಯೇ 2002ರಲ್ಲಿ ಹೇಳಿದೆ.

ಹಾಗಾದರೆ ಪವಿತ್ರವಾದದ್ದು ಯಾವುದು? ಒಂದೇ ಸೂರಿನಡಿ ಇರುವುದಲ್ಲ. ಸಪ್ತಪದಿಯಲ್ಲಿ ಇಬ್ಬರೂ ಪರಸ್ಪರ ಹೊರುವ ಹೊಣೆ ಪವಿತ್ರವಾದದ್ದು. ದಾಂಪತ್ಯ ಮುರಿದಾಗ ಜನ “ಋಣ ಅಷ್ಟೇ ಇತ್ತು” ಎಂದು ಸಮಾಧಾನ ಹೇಳುತ್ತಾರೆ. ಕಾನೂನಿನ ಒಳಗೆ ಇಳಿದು ನೋಡಿದರೆ ಋಣ ಅಷ್ಟಕ್ಕೇ ತೀರುವುದಿಲ್ಲ. ಅದು ಜೀವನಾಂಶವಾಗಿ, ಮಕ್ಕಳ ಫೀಸಾಗಿ, ಹಿಂದಿರುಗಿಸಬೇಕಾದ ಸ್ತ್ರೀಧನವಾಗಿ ಉಳಿಯುತ್ತದೆ. ವಿಚ್ಛೇದನದ ಖರ್ಚನ್ನು ದಂಡವೆಂದು ನೋಡುವವರು ಇದನ್ನು ಮರೆಯುತ್ತಾರೆ.

ವ್ಯಾಜ್ಯದ ಖರ್ಚಿನ ಮಾತು ಬೇರೆ. ಅಲ್ಲಿ ಹಣ ಹೋಗುವುದು ಕೋರ್ಟು ಶುಲ್ಕಕ್ಕಲ್ಲ, ಅದು ಅಲ್ಪ. ವರ್ಷಗಟ್ಟಲೆ ಬೀಳುವ ತಾರೀಖುಗಳಿಗೆ, ಪ್ರತಿ ತಾರೀಖಿಗೂ ತಪ್ಪುವ ಕೂಲಿಗೆ, ಬಸ್ಸಿಗೆ, ವಕೀಲರ ಫೀಸಿಗೆ ಹೋಗುತ್ತದೆ. ಒಂದೇ ದಾಂಪತ್ಯದಿಂದ ಜೀವನಾಂಶ, ಮಕ್ಕಳ ಸುಪರ್ದು, ಕೌಟುಂಬಿಕ ಹಿಂಸೆ ಎಂದು ಬೇರೆ ಬೇರೆ ಅರ್ಜಿಗಳು ಬೇರೆ ಬೇರೆ ಕೋರ್ಟುಗಳಲ್ಲಿ ನಡೆಯುವುದೂ ಉಂಟು. ವ್ಯಾಜ್ಯ ಎಳೆಯದಿರಲೆಂದು 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆ ವಕೀಲರನ್ನಿಟ್ಟುಕೊಳ್ಳುವುದನ್ನು ಹಕ್ಕಾಗಿಸಲಿಲ್ಲ, ಮೊದಲು ರಾಜಿಗೆ ಯತ್ನಿಸಬೇಕೆಂದಿತು. ಹಿಂದೂ ವಿವಾಹ ಕಾಯ್ದೆಯ 24ನೆಯ ಕಲಮಿನಂತೆ ಆದಾಯವಿಲ್ಲದ ಹೆಂಡತಿಯೋ ಗಂಡನೋ ಕೇಸಿನ ಖರ್ಚನ್ನು ಎದುರಿನವರಿಂದಲೇ ಕೇಳಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಅದರ ಸಮಿತಿ ಇರುತ್ತದೆ. ತವರಿನವರು ಒಡವೆ ಅಡವಿಟ್ಟು ಫೀಸು ಹೊಂದಿಸುವ ಮೊದಲು ಈ ಸಂಗತಿ ಅವರಿಗೆ ಗೊತ್ತಾಗಬೇಕಿತ್ತು.

2020ರ ನವೆಂಬರಿನಲ್ಲಿ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಬ್ಬರೂ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕೆಂದಿತು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕೆಂದಿತು. ಸಂಬಳದ ಚೀಟಿ ಮುಚ್ಚಿಟ್ಟು, ತಾರೀಖು ತಳ್ಳಿ, ಎದುರಿನವರನ್ನು ಹಸಿವಿನಿಂದ ಮಣಿಸುವ ತಂತ್ರಕ್ಕೆ ಇದು ದೊಡ್ಡ ಪೆಟ್ಟು. ಪರಸ್ಪರ ಸಮ್ಮತಿಯಿದ್ದರೆ ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಸೇರಿಸಿದ 13ಬಿ ಕಲಮಿನ ದಾರಿಯಿದೆ. ಅದರ ಆರು ತಿಂಗಳ ಕಾಯುವಿಕೆಯನ್ನು ತಕ್ಕ ಪ್ರಕರಣದಲ್ಲಿ ಮನ್ನಾ ಮಾಡಬಹುದೆಂದು 2017ರಲ್ಲಿ ತೀರ್ಪಾಗಿದೆ.

ಉಳಿದ ಧರ್ಮಗಳೂ ಈ ಖರ್ಚಿನ ಪ್ರಶ್ನೆಯನ್ನು ಎದುರಿಸಿವೆ. ಇಸ್ಲಾಮಿನಲ್ಲಿ ಗಂಡ ಹೆಂಡತಿಗೆ ಕೊಡಬೇಕಾದ ಮೆಹರ್ ಮದುವೆಯ ಹೊತ್ತಿಗೇ ಗೊತ್ತಾಗುತ್ತದೆ; ವಿಚ್ಛೇದಿತ ಮುಸ್ಲಿಂ ಮಹಿಳೆಯ ಜೀವನಾಂಶದ ಶಾ ಬಾನೊ ಪ್ರಕರಣದ ನಂತರ ಬಂದ 1986ರ ಕಾಯ್ದೆಯನ್ನು ವ್ಯಾಖ್ಯಾನಿಸುತ್ತಾ ಸುಪ್ರೀಂ ಕೋರ್ಟು 2001ರಲ್ಲಿ, ವಿಚ್ಛೇದನದ ನಂತರ ಹೆಂಡತಿ ಕಾಯಬೇಕಾದ ಇದ್ದತ್ ಅವಧಿಯೊಳಗೇ ಗಂಡ ಅವಳ ಮುಂದಿನ ಬದುಕಿಗೂ ಸಾಲುವ ಏರ್ಪಾಡು ಮಾಡಬೇಕೆಂದಿತು. ಕಥೋಲಿಕ ಸಭೆ ವಿಚ್ಛೇದನವನ್ನು ಒಪ್ಪದಿದ್ದರೂ, ಮದುವೆ ಮೊದಲಿಂದಲೇ ಅಸಿಂಧು ಎಂದು ಘೋಷಿಸುವ ವಿಚಾರಣೆಯನ್ನು ಪೋಪ್ ಫ್ರಾನ್ಸಿಸ್ 2015ರಲ್ಲಿ ಸರಳಗೊಳಿಸಿ, ಆದಷ್ಟೂ ಅದು ಉಚಿತವಾಗಿರಲಿ ಎಂದರು.

ಎಲ್ಲಕ್ಕಿಂತ ಕಠಿಣವಾದದ್ದು ಮಕ್ಕಳ ಮಾತು. ಗಂಡ ಹೆಂಡತಿ ಬಿಡುಗಡೆ ಪಡೆಯುತ್ತಾರೆ, ಅಪ್ಪ ಅಮ್ಮನಿಗೆ ಬಿಡುಗಡೆಯಿಲ್ಲ. ಸುಪರ್ದಿನ ಆದೇಶವನ್ನು ಮಗು ಬೆಳೆದಂತೆ ಬದಲಿಸಿಕೊಳ್ಳಬಹುದು. ಅಜ್ಜ ಅಜ್ಜಿ, ಅತ್ತೆ, ಸೋದರಮಾವಂದಿರ ನಂಟನ್ನು ಮಾತ್ರ ಯಾವ ಆದೇಶವೂ ಪೂರ್ತಿ ಕಾಯಲಾರದು. ಭಾನುವಾರ ಎರಡು ಗಂಟೆ ಸಿಗುವ ಅಪ್ಪನ ಬಗ್ಗೆ ವಾರವಿಡೀ ಮನೆಯಲ್ಲಿ ಕೆಟ್ಟದ್ದನ್ನೇ ಕೇಳುವ ಮಗುವಿಗೆ ಆ ಎರಡು ಗಂಟೆ ಶಿಕ್ಷೆ. ಅಪ್ಪನ ಮನೆಯವರು ಅಮ್ಮನ ಬಗ್ಗೆ ಆಡಿದರೂ ಅಷ್ಟೇ.

ಈ ಹೊಣೆ ಮಗಳ ಮದುವೆಯವರೆಗೂ ಬರುತ್ತದೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ ಮದುವೆಯಾಗದ ಮಗಳ ಜೀವನಾಂಶದಲ್ಲಿ ಅವಳ ಮದುವೆಯ ನ್ಯಾಯವಾದ ಖರ್ಚೂ ಸೇರಿದೆ. ಹಣ ಯಾರದೆಂದು ಕಾನೂನು ಹೇಳಿತು. ಧಾರೆ ಎರೆಯುವವರು ಯಾರೆಂದು ಸಂಪ್ರದಾಯ ಇನ್ನೂ ನೇರವಾಗಿ ಹೇಳಿಲ್ಲ. ಒಂಟಿಯಾಗಿ ಸಾಕಿದ ತಾಯಿಯನ್ನು ಬದಿಗೆ ಕೂರಿಸಿ ಚಿಕ್ಕಪ್ಪ ಚಿಕ್ಕಮ್ಮನನ್ನು ಮಣೆಯ ಮೇಲೆ ಕೂರಿಸುವುದು ಇವತ್ತಿಗೂ ನಡೆಯುತ್ತಿದೆ. ಇಪ್ಪತ್ತು ವರ್ಷ ಮಗಳ ಹೊಣೆ ಹೊತ್ತವಳಿಗೆ ಅವಳನ್ನು ಧಾರೆ ಎರೆದುಕೊಡುವ ಅಧಿಕಾರವಿದೆ ಎಂದು ಪುರೋಹಿತರೂ ಮಠಗಳೂ ಬಾಯಿಬಿಟ್ಟು ಹೇಳಬೇಕು.