ನಿಂತ ಚಲನೆ ಎಲ್ಲಿಗೆ ಹೋಗುತ್ತದೆ?

ನನ್ನ ಕತ್ತಿನ ಏಳು ಮೂಳೆಗಳಲ್ಲಿ ಐದನೆಯದು ಮತ್ತು ಆರನೆಯದು ಈಗ ಒಂದಾಗುತ್ತಿವೆ. ಗಂಟಲಿನ ಮುಂಭಾಗದಲ್ಲಿ ಕೊಯ್ದು, ಶ್ವಾಸನಾಳ, ಅನ್ನನಾಳಗಳನ್ನು ಪಕ್ಕಕ್ಕೆ ಸರಿಸಿ, ನರ ಒತ್ತುತ್ತಿದ್ದ ಡಿಸ್ಕ್ ತೆಗೆದರು. ಆ ಜಾಗದಲ್ಲಿ ಕೇಜ್ ಎಂಬ ಪುಟ್ಟ ಆಸರೆ ಕೂರಿಸಿ ಟೈಟಾನಿಯಂ ಪ್ಲೇಟಿನಿಂದ ಬಿಗಿದರು. 1950ರ ದಶಕದಲ್ಲಿ ಅಮೆರಿಕದ ಸ್ಮಿತ್, ರಾಬಿನ್ಸನ್, ಕ್ಲೋವರ್ಡ್ ತೋರಿಸಿದ ದಾರಿ ಇದು. ಪ್ಲೇಟು, ಸ್ಕ್ರೂ ಹಿಡಿದುಕೊಂಡಿರುತ್ತವೆ ಅಷ್ಟೇ. ಬೆಸೆಯಬೇಕಾದದ್ದು ಮೂಳೆಯೇ, ಅದಕ್ಕೆ ತಿಂಗಳುಗಟ್ಟಲೆ ಬೇಕು. ಕೆಲವರಲ್ಲಿ ಕೂಡುವುದೇ ಇಲ್ಲ. ಸಿಗರೇಟು ಸೇದುವವರಲ್ಲಿ ಆ ಅಪಾಯ ಹೆಚ್ಚು.

ತೋಳಿನ ಉರಿ ಹೋಯಿತು. ಜೊತೆಗೆ ಧ್ವನಿಯೂ ಹೋಯಿತು. ಧ್ವನಿಪೆಟ್ಟಿಗೆಗೆ ಹೋಗುವ ತೆಳ್ಳನೆಯ ನರ ಅಲ್ಲೇ ಹಾದುಹೋಗುತ್ತದೆ. ಎಳೆತಕ್ಕೆ ಸಿಕ್ಕರೆ ಸೊರಗುತ್ತದೆ. ಬಹುಪಾಲು ಜನರಿಗೆ ದನಿ ಮರಳುತ್ತದೆ ಎಂದರು ವೈದ್ಯರು. ಗದಗಿನಿಂದ ಅವ್ವ ಫೋನ್ ಮಾಡಿದಾಗ ಗೊಗ್ಗರು ದನಿಯಲ್ಲಿ “ಅವ್ವಾ” ಅಂದೆ. “ಯಾರ್ರೀ ಮಾತಾಡೋದು? ನನ್ನ ಮಗನ ಕೈಯಾಗ ಕೊಡ್ರಿ” ಅಂದಳು. ರೊಟ್ಟಿ ಗಂಟಲಿಗೆ ಇಳಿಯದ ನೋವಿಗಿಂತ ಇದು ದೊಡ್ಡದಿತ್ತು.

ಬೆಸೆದ ಮೂಳೆ ಅಲುಗುವುದಿಲ್ಲ. ಆದರೆ ತಲೆ ಬಾಗಲೇಬೇಕು, ಹೊರಳಲೇಬೇಕು. ಆ ಕೆಲಸ ಮೇಲಿನ ಮತ್ತು ಕೆಳಗಿನ ಮೂಳೆಗಳ ಪಾಲಿಗೆ ಬೀಳುತ್ತದೆ. 1999ರಲ್ಲಿ ಪ್ರಕಟವಾದ ಹಿಲಿಬ್ರಾಂಡ್ ಮತ್ತು ಸಂಗಡಿಗರ ಅಧ್ಯಯನದ ಅಂದಾಜಿನಂತೆ, 10 ವರ್ಷಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಪಕ್ಕದ ಕೀಲು ಹೊಸದಾಗಿ ಕಾಡುತ್ತದೆ. ಕಾರಣ ಬೆಸುಗೆಯೋ ವಯಸ್ಸೋ ಎಂಬ ವಾದ ಇನ್ನೂ ಮುಗಿದಿಲ್ಲ. ನನ್ನನ್ನು ಕಾಡುವುದು ಬೇರೆ ಪ್ರಶ್ನೆ: ಒಬ್ಬರ ನೋವು ಇಳಿಯಿತು ಎಂದರೆ ಅದು ಇಲ್ಲವಾಯಿತೇ, ಇಲ್ಲಾ ಪಕ್ಕದವರ ಮೇಲೆ ಹೋಯಿತೇ?

ಒಬ್ಬರಲ್ಲಿ ನಿಂತದ್ದು ಇನ್ನೊಬ್ಬರಿಗೆ ದಾಟಿದ ಕಥೆಯೊಂದು ಹತ್ತಿರದಲ್ಲೇ ಇದೆ. ಪುಣೆಯ ಶಿವಾಜಿನಗರದಲ್ಲಿ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಸವಾಯಿ ಗಂಧರ್ವ ಸ್ಮಾರಕವಿದೆ. ಧಾರವಾಡ ಸೀಮೆಯ ಕುಂದಗೋಳದ ಆ ಗಾಯಕರಿಗೆ 1940ರ ದಶಕದಲ್ಲಿ ಪಾರ್ಶ್ವವಾಯು ಬಡಿದು ಕಛೇರಿಗಳು ನಿಂತವು. 1952ರಲ್ಲಿ ತೀರಿಕೊಂಡರು. ಮರುವರ್ಷವೇ ನಮ್ಮ ಗದಗಿನ ಭೀಮಸೇನ ಜೋಶಿ ಗುರುವಿನ ಹೆಸರಿನಲ್ಲಿ ಪುಣೆಯಲ್ಲಿ ಉತ್ಸವ ಶುರುಮಾಡಿದರು. ಗುರುವಿನಲ್ಲಿ ನಿಂತ ಹಾಡನ್ನು ಜೀವಮಾನವಿಡೀ ಹೊತ್ತು ನಡೆದರು. ಹೀಗೆ ಹೊರುವವರು ಸಿಗುವುದು ದೊಡ್ಡ ಭಾಗ್ಯ.

ಆದರೆ ಭೀಮಸೇನರು ತಾವಾಗಿಯೇ ಹೊತ್ತರು. ನನ್ನ ನಾಲ್ಕನೆಯ, ಏಳನೆಯ ಮೂಳೆಗಳನ್ನು ಯಾರೂ ಕೇಳಲಿಲ್ಲ. ನನ್ನ ಹೆಂಡತಿಯನ್ನೂ ಕೇಳಲಿಲ್ಲ. ಗ್ಯಾಸ್ ಸಿಲಿಂಡರ್ ಹೊರಳಿಸುವುದು, ನೀರಿನ ಕ್ಯಾನ್ ಎತ್ತುವುದು, ನನ್ನ ಕತ್ತಿಗೆ ಹಾಕಿದ ಆಸರೆಯ ಕಾಲರ್ ಬಿಚ್ಚಿ ಒರೆಸುವುದು ಎಲ್ಲವೂ ಸದ್ದಿಲ್ಲದೆ ಅವಳ ಪಾಲಾದವು. ಕಾಯಿಲೆ ಮನುಷ್ಯನನ್ನು ಮಾಗಿಸುತ್ತದೆ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಅದು ಮೊದಲು ನಮ್ಮನ್ನು ನಮ್ಮ ನೋವಿನೊಳಗೇ ಕೂಡಿಹಾಕುತ್ತದೆ. ರಾತ್ರಿ ಅವಳು ಬಲಭುಜಕ್ಕೆ ಬಾಮ್ ತಿಕ್ಕಿಕೊಳ್ಳುತ್ತಾಳೆ. ನನ್ನ ಕತ್ತಿನ ಎಕ್ಸ್‌ರೇ ಕಪಾಟು ತುಂಬ ಇವೆ, ಅವಳ ಭುಜವನ್ನು ಇನ್ನೂ ಯಾರೂ ಮುಟ್ಟಿ ನೋಡಿಲ್ಲ. ಮುಂದಿನ ತಪಾಸಣೆಗೆ ಹೋದಾಗ ಕೌಂಟರಿನಲ್ಲಿ ಅವಳ ಹೆಸರಿಗೂ ಒಂದು ಕೇಸ್ ಪೇಪರ್ ಮಾಡಿಸುತ್ತೇನೆ.