ನಡುಗಾಲದ ಪೈರು

ಕಟ್ಟೋಣ ನಡೆಯುತ್ತಿರುವ ಬೀದಿಯ ಅಗೆತವೂ ಧೂಳೂ ದಾರಿಹೋಕರ ಕಣ್ಣಿಗೆ ಬೀಳದಂತೆ ತಗಡಿನ ಮರೆ ನಿಲ್ಲಿಸಿ, ಅದರ ಮೇಲೆ ಎಲೆಬಳ್ಳಿಗಳನ್ನು ಚಿತ್ರಿಸಿ, ಕುಂಡಗಳಲ್ಲಿ ಗಿಡಗಳನ್ನಿರಿಸಿ, ಕೆಲಸ ಮುಗಿದೊಡನೆ ಎಲ್ಲವನ್ನೂ ಕಿತ್ತೊಯ್ಯುವುದು ಈಗ ಅನೇಕ ಮಹಾನಗರಗಳಲ್ಲಿ ರೂಢಿಗೆ ಬಂದಿದೆ. ಅಳಿವು ಮೊದಲೇ ನಿಶ್ಚಿತವಾಗಿರುವ ಇಂಥ ಚೆಲುವಿಗೆ ಸತ್ಯದಲ್ಲಿ ಪಾಲುಂಟೆ, ಅಥವಾ ಅದು ಬರಿಯ ಕಣ್ಕಟ್ಟೆ? ಹುಟ್ಟುವ ಮುನ್ನವೂ ಅಳಿದ ಬಳಿಕವೂ ಇರದ ವಸ್ತುವಿಗೆ ನಡುಗಾಲದ ತೋರಿಕೆಯಿಂದ ಸತ್ಯತ್ವವು ಬಾರದೆಂದು ಗೌಡಪಾದಾಚಾರ್ಯರು ಮಾಂಡೂಕ್ಯಕಾರಿಕೆಯಲ್ಲಿ ವಾದಿಸಿದ್ದಾರೆ.

ಈ ವಾದವನ್ನು ಒರೆಗೆ ಹಚ್ಚಲು ಯೋಗ್ಯವಾದ ನೆಲವೊಂದು ನ್ಯೂಯಾರ್ಕಿನಲ್ಲಿದೆ. ವಿಶ್ವ ವಾಣಿಜ್ಯ ಕೇಂದ್ರದ ಅವಳಿ ಗೋಪುರಗಳಿಗಾಗಿ ತೋಡಿದ ಮಣ್ಣುಕಲ್ಲುಗಳನ್ನು ಹಡ್ಸನ್ ನದಿಯ ಅಂಚಿಗೆ ಸುರಿದು, ನೀರನ್ನು ಹಿಂದಕ್ಕೊತ್ತಿ ಪಡೆದ ಆ ಭೂಮಿಯಲ್ಲಿ ಬ್ಯಾಟರಿ ಪಾರ್ಕ್ ಸಿಟಿಯೆಂಬ ಬಡಾವಣೆ ಏಳಬೇಕಾಗಿತ್ತು. ಅದು ಏಳುವುದರೊಳಗಾಗಿ, 1982ರಲ್ಲಿ, ಬುಡಾಪೆಸ್ಟಿನಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ಆಗ್ನೆಸ್ ಡೆನೆಸ್ ಎಂಬ ಕಲಾವಿದೆ, ಜಗತ್ತಿನ ಹಣದ ಪೇಟೆಯೆನಿಸಿದ ವಾಲ್ ಸ್ಟ್ರೀಟಿನ ಮಗ್ಗುಲಲ್ಲಿಯೇ, ಕಸಕಲ್ಲುಗಳನ್ನು ಆಯ್ದು, ಲಾರಿಗಳಲ್ಲಿ ಮಣ್ಣು ತರಿಸಿ, 285 ಸಾಲುಗಳನ್ನು ಕೈಯಿಂದಲೇ ತೋಡಿ, 2 ಎಕರೆ ಗೋಧಿಯನ್ನು ಬಿತ್ತಿದಳು. ನೀರು ಹಾಯಿಸಿ, ಕಳೆ ತೆಗೆದು, ರೋಗಕ್ಕೆ ಔಷಧ ಹೊಡೆದು ನಾಲ್ಕು ತಿಂಗಳು ಕಾಪಾಡಿದ ಪೈರನ್ನು ಆಗಸ್ಟ್ 16ರಂದು ಕೊಯ್ದಾಗ ಸಾವಿರ ಪೌಂಡಿಗೂ ಮಿಗಿಲಾದ ಕಾಳು ದೊರೆಯಿತು. ಆಕೆಯ ಲೆಕ್ಕದಲ್ಲಿ ಆ ನೆಲದ ಬೆಲೆ 450 ಕೋಟಿ ಡಾಲರು! ಬೇಸಾಯದ ದೃಷ್ಟಿಯಿಂದ ಇದಕ್ಕಿಂತ ದುಬಾರಿಯಾದ ಮೂರ್ಖತನ ಇನ್ನೊಂದಿರದು. ಆದರೆ ಲೋಕದಲ್ಲಿ ಹಸಿವಿರುವಾಗ ಮಣ್ಣಿಗೆ ಈ ಬೆಲೆಯನ್ನು ಕಟ್ಟಿದವರಾರು ಎಂಬ ಪ್ರಶ್ನೆಯೇ ಆಕೆಯ ನಿಜವಾದ ಬಿತ್ತನೆಯಾಗಿತ್ತು.

ಮರೆಯ ಮೇಲಣ ಎಲೆಗೂ ಈ ತೆನೆಗೂ ಇರತಕ್ಕ ಅಂತರವು ಆಯುಸ್ಸಿನದಲ್ಲ, ಏಕೆಂದರೆ ಎರಡೂ ಅಲ್ಪಾಯುಗಳೇ. ಚಿತ್ರದ ಎಲೆಗೆ ಬಾಯಾರಿಕೆಯಿಲ್ಲ, ರೋಗದ ಭಯವಿಲ್ಲ; ಹಿಂದಿರುವ ಹಳ್ಳವನ್ನು ಮರೆಸುವುದಷ್ಟೆ ಅದಕ್ಕೊಪ್ಪಿಸಿದ ಕೆಲಸ. ಗೋಧಿಯಾದರೋ ಅಂಥದೇ ಹಳ್ಳದಿಂದೆದ್ದ ಮಣ್ಣಿನ ಮೇಲೆಯೇ ನಿಂತು, ಒಣಗಿಹೋಗುವ ಸಾಧ್ಯತೆಯನ್ನು ದಿನದಿನವೂ ಹೊತ್ತು, ಕೊನೆಗೆ ಉಣ್ಣಲು ಬರುವ ಕಾಳಾಯಿತು. ಮರೆಮಾಡುವ ಕ್ಷಣಿಕತೆಯನ್ನು ನಾನು ಕಣ್ಕಟ್ಟೆನ್ನಲು ಹಿಂಜರಿಯೆನು; ದುಡಿದು ಫಲಿಸಿದ ಕ್ಷಣಿಕತೆಯನ್ನು ಹಾಗೆನ್ನಲಾರೆ.

ಆ ಕಾಳುಗಳು ಮುಂದೆ, 1987ರಿಂದ 1990ರವರೆಗೆ, ಜಗತ್ತಿನ ಹಸಿವನ್ನು ಕುರಿತ ಕಲಾಪ್ರದರ್ಶನವೊಂದರೊಡನೆ 28 ನಗರಗಳನ್ನು ಸುತ್ತಿದವು. ಬೀಜವನ್ನು ಒಯ್ದ ಜನರು ದೇಶದೇಶಗಳಲ್ಲಿ ಬಿತ್ತಿದರು. ಹಾಗಾದರೆ ಆ ಹೊಲದ ಅಂತ್ಯವೆಲ್ಲಿ ಎಂದು ಕೇಳಬಹುದು. ಆದರೆ ಬೀಜಾಂಕುರದ ದೃಷ್ಟಾಂತವೇ ಇನ್ನೂ ಸಿದ್ಧವಾಗಬೇಕಾದದ್ದೆಂದು ತಳ್ಳಿಹಾಕಿದ ಗೌಡಪಾದರು ಇಷ್ಟಕ್ಕೆ ಮಣಿಯುವವರಲ್ಲ; ಪರಮಾರ್ಥದ ನೆಲೆಯಲ್ಲಿ ಅವರನ್ನು ಎದುರಿಸುವ ಬಲವೂ ನನಗಿಲ್ಲ. ಅವರ ಅಳತೆಗೋಲನ್ನು ಸುತ್ತಣ ವಸ್ತುಗಳಿಗೂ ಸಮವಾಗಿ ಹಿಡಿಯಬೇಕೆಂಬುದಷ್ಟೆ ನನ್ನ ಅರಿಕೆ. ಹೊಲಕ್ಕೆ ನೆಲವನ್ನಿತ್ತ ಗೋಪುರಗಳು 1973ರಲ್ಲಿ ಲೋಕಾರ್ಪಣೆಗೊಂಡು 2001ರ ಸೆಪ್ಟೆಂಬರ್ 11ರಂದು ಸಹಸ್ರಾರು ಪ್ರಾಣಗಳೊಡನೆ ಉರುಳಿದವು. ಗೋಧಿಯನ್ನು ತಾತ್ಕಾಲಿಕವೆಂದೂ ಉಕ್ಕನ್ನು ಶಾಶ್ವತವೆಂದೂ ವಿಂಗಡಿಸಿದ ನಮ್ಮ ವ್ಯವಹಾರಬುದ್ಧಿಯು ಅಂದು ಎಷ್ಟು ದೊಡ್ಡ ಬೆಲೆ ತೆತ್ತಿತು!

2015ರಲ್ಲಿ ಡೆನೆಸ್ ಮಿಲಾನ್ ನಗರದ ಪೋರ್ಟಾ ನುವೋವಾದಲ್ಲಿ, ಹೊಸ ಗಗನಚುಂಬಿಗಳ ನಡುವೆ ಉದ್ಯಾನಕ್ಕೆಂದು ಕಾದಿದ್ದ 5 ಹೆಕ್ಟೇರಿನಲ್ಲಿ ಮತ್ತೆ ಗೋಧಿ ಬೆಳೆಸಿದಳು. ಕೊಯ್ಲಾಯಿತು, 2018ರಲ್ಲಿ ಉದ್ಯಾನವೂ ತೆರೆಯಿತು. ಆಚಾರ್ಯರು ಆ ಉದ್ಯಾನವನ್ನೂ ನಡುಗಾಲದ ತೋರಿಕೆಯೆಂದೇ ಎಣಿಸಿಯಾರು. ಪಕ್ಕದ ಗಗನಚುಂಬಿಗಳನ್ನೂ ಅದೇ ಪಂಕ್ತಿಯಲ್ಲಿ ಕೂರಿಸುವುದಾದರೆ ನನ್ನದೇನೂ ತಕರಾರಿಲ್ಲ.